ಸೇವಾಸಂಸ್ಥೆಗಳ ಸಹಭಾಗಿತ್ವ: ನಮ್ಮ ಎರಡನೆಯ ಶತಮಾನದ ಹೊಣೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ಸಮಾಜಸೇವಾ ಗೋಷ್ಠಿಯಲ್ಲಿ, ಧರ್ಮಕೇಂದ್ರದ ಸಮಾಜಸೇವಾ ಸಮಿತಿಯ ಪರವಾಗಿ ಓದಲಾದ ಭಾಷಣ)



ನೂರು ವರುಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವಾಗ ಹಿಂದಿನವರನ್ನು ಹೊಗಳುವುದು ಸುಲಭ. ಕಾಡು ಕಡಿದು, ಕಲ್ಲು ಹೊತ್ತು, ಹೊಟ್ಟೆ ಬಟ್ಟೆ ಕಟ್ಟಿ ಈ ಗುಡಿಯನ್ನು ಎಬ್ಬಿಸಿದ ಹಿರಿಯರು ಆ ಹೊಗಳಿಕೆಗೆ ಅರ್ಹರೇ ಆಗಿದ್ದಾರೆ. ಆದರೆ ಅವರ ಗುಣಗಾನಕ್ಕೆ ಈ ಸಂಚಿಕೆಯಲ್ಲಿ ಬೇರೆ ಪುಟಗಳಿವೆ. ನಮಗೆ ಒಪ್ಪಿಸಲಾಗಿರುವ ವಿಷಯ ಬೇರೆ. ಒಂದೇ ಊರಿನಲ್ಲಿ ಲಾಭದ ಆಸೆಯಿಲ್ಲದೆ ದುಡಿಯುವ ಹಲವು ಸಂಸ್ಥೆಗಳು ಪರಸ್ಪರ ಕೈಜೋಡಿಸುವುದು ಹೇಗೆ, ಕೈಜೋಡಿಸಿದ ಮೇಲೆ ಆ ಕೈ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ಈ ಮಾತನ್ನು ನಮ್ಮ ಸಾಧನೆಯಿಂದ ಆರಂಭಿಸುವುದು ನಮಗೆ ಸಾಧ್ಯವಿಲ್ಲ. ನಮ್ಮ ತಪ್ಪಿನಿಂದಲೇ ಆರಂಭಿಸಬೇಕಾಗಿದೆ.

ಮೂರು ಚೀಲಗಳ ಕಥೆ

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ಕೂಲಿ ನಿಂತಿತು, ಸಂತೆ ನಿಂತಿತು, ದೇವಾಲಯದ ಬಾಗಿಲೂ ಮುಚ್ಚಿತು. ಆಗ ನಮ್ಮ ಧರ್ಮಕೇಂದ್ರದ ವಿನ್ಸೆಂಟ್ ದೆ ಪೌಲ್ ಸಭೆಯವರು ಅಕ್ಕಿ, ಬೇಳೆ, ಎಣ್ಣೆಗಳ ಚೀಲ ಕಟ್ಟಿದರು. ನಮ್ಮ ಯುವಜನರು ಪ್ರತ್ಯೇಕವಾಗಿ ಹಣ ಕೂಡಿಸಿ ಇನ್ನೊಂದು ಬಗೆಯ ಚೀಲ ಕಟ್ಟಿದರು. ಊರಿನ ಮತ್ತೊಂದು ಸೇವಾಸಂಘದವರು ಮೂರನೆಯ ಚೀಲ ಕಟ್ಟಿದರು. ಎಲ್ಲರ ಉದ್ದೇಶವೂ ಒಳ್ಳೆಯದು, ಎಲ್ಲರ ಬೆವರೂ ಪ್ರಾಮಾಣಿಕವಾದುದು. ಆದರೆ ಯಾರ ಪಟ್ಟಿಯನ್ನು ಯಾರೂ ನೋಡಿರಲಿಲ್ಲ.

ಪೇಟೆಗೆ ಹತ್ತಿರವಿರುವ ಕೇರಿಯಲ್ಲಿ ಒಬ್ಬ ವೃದ್ಧೆ ಒಂಟಿಯಾಗಿ ವಾಸಿಸುತ್ತಿದ್ದರು. ಒಂದೇ ವಾರದಲ್ಲಿ ಆಕೆಯ ಜಗಲಿಗೆ ಮೂರು ಚೀಲಗಳು ಬಂದವು. ಮೂರನೆಯದನ್ನು ಇಳಿಸಲು ಹೋದ ನಮ್ಮ ಹುಡುಗರಿಗೆ ಆಕೆ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಮಕ್ಕಳೇ, ನಾನೊಬ್ಬಳು ಎಷ್ಟು ತಿಂದೇನು? ಆ ಕೊನೆಯ ತೋಟದ ಲೈನುಮನೆಗೆ ಯಾರಾದರೂ ಹೋದಿರಾ?"

ಯಾರೂ ಹೋಗಿರಲಿಲ್ಲ. ಪೇಟೆಯಿಂದ ದೂರದಲ್ಲಿದ್ದ ಆ ಲೈನುಮನೆಗಳಲ್ಲಿ ಹೊರರಾಜ್ಯದಿಂದ ಕೂಲಿಗೆಂದು ಬಂದ ಕುಟುಂಬಗಳಿದ್ದವು. ಅವರಲ್ಲಿ ಇಲ್ಲಿನ ಪಡಿತರ ಚೀಟಿ ಇರಲಿಲ್ಲ, ಅವರ ಭಾಷೆ ನಮಗೆ ಬರುತ್ತಿರಲಿಲ್ಲ, ನಮ್ಮ ಯಾವ ಪಟ್ಟಿಯಲ್ಲಿಯೂ ಅವರ ಹೆಸರು ಇರಲಿಲ್ಲ. ನಾವು ಅಲ್ಲಿಗೆ ತಲುಪಿದಾಗ ಅವರು ಗಂಜಿಯ ತಿಳಿಯನ್ನು ಮಕ್ಕಳಿಗೆ ಬಸಿದುಕೊಟ್ಟು ತಾವು ಬರಿಹೊಟ್ಟೆಯಲ್ಲಿದ್ದರು.

ಒಂದು ಮನೆಗೆ ಮೂರು ಚೀಲ, ಇನ್ನೊಂದು ಮನೆಗೆ ಒಂದೂ ಇಲ್ಲ. ಇದಕ್ಕೆ ಔದಾರ್ಯದ ಕೊರತೆ ಕಾರಣವಾಗಿರಲಿಲ್ಲ. ಮೂರು ಸಂಸ್ಥೆಗಳು ಒಂದು ಸಂಜೆ ಒಂದೇ ಬೆಂಚಿನ ಮೇಲೆ ಕುಳಿತು ಮಾತನಾಡದಿದ್ದುದೇ ಕಾರಣವಾಗಿತ್ತು. ಅಂದು ನಾವು ತಿಳಿದುಕೊಂಡ ಪಾಠ ಇಷ್ಟೇ: ಸೇವಾಸಂಸ್ಥೆಗಳು ಒಂದನ್ನೊಂದು ಅರಿಯದೆ ಹೋದರೆ ಅದರ ದಂಡವನ್ನು ತೆರುವವರು ಬಡವರು.

ಧರ್ಮಸಭೆಯ ಆದಿಯಲ್ಲಿಯೇ

ಈ ತೊಡಕು ಹೊಸದಲ್ಲ. 'ಪ್ರೇಷಿತರ ಕಾರ್ಯಕಲಾಪಗಳು' ಎಂಬ ಗ್ರಂಥದ ಆರನೆಯ ಅಧ್ಯಾಯವನ್ನು ನಾವು ಹಲವು ಸಲ ಕೇಳಿದ್ದೇವೆ. ಜೆರುಸಲೇಮಿನ ಆದಿಸಭೆಯಲ್ಲಿ ದಿನನಿತ್ಯದ ಹಂಚಿಕೆ ನಡೆಯುತ್ತಿದ್ದಾಗ, ಗ್ರೀಕ್ ಭಾಷೆಯನ್ನಾಡುವವರ ವಿಧವೆಯರನ್ನು ಅಲಕ್ಷಿಸಲಾಗುತ್ತಿದೆ ಎಂಬ ಗೊಣಗಾಟ ಹುಟ್ಟಿತು. ಪ್ರೇಷಿತರು ಆ ದೂರನ್ನು ಅಡಗಿಸಲಿಲ್ಲ, ದೂರಿದವರನ್ನು ಗದರಿಸಲೂ ಇಲ್ಲ. ಸಭೆಯನ್ನೆಲ್ಲ ಕರೆದು, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸುವಂತೆ ಹೇಳಿದರು. ಹಾಗೆ ಆಯ್ಕೆಯಾದ ಏಳು ಮಂದಿಯ ಹೆಸರುಗಳನ್ನು ಗಮನಿಸಿರಿ. ಸ್ತೆಫನ, ಫಿಲಿಪ್ಪ ಮೊದಲ್ಗೊಂಡು ಎಲ್ಲವೂ ಗ್ರೀಕ್ ಹೆಸರುಗಳು. ಯಾರ ಮನೆಯ ವಿಧವೆಯರು ಮರೆತುಹೋಗಿದ್ದರೋ ಅವರ ಭಾಷೆ ಬಲ್ಲವರ ಕೈಗೇ ಹಂಚಿಕೆಯ ಹೊಣೆ ಸೇರಿತೆಂದು ಇದರಿಂದ ಊಹಿಸಬಹುದು. ನಮ್ಮ ಲೈನುಮನೆಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ಅಲ್ಲಿನವರೊಬ್ಬರನ್ನು ಜೊತೆಗೆ ಕರೆದಿದ್ದರೆ ನಾವು ಎಡವುತ್ತಿರಲಿಲ್ಲ.

ಸಂತ ಲೂಕನ ಶುಭಸಂದೇಶದಲ್ಲಿಯೂ ಒಂದು ದೃಶ್ಯವಿದೆ. ಇರುಳೆಲ್ಲ ದುಡಿದು ಬರಿಗೈಯಲ್ಲಿ ಮರಳಿದ್ದ ಸಿಮೋನನು ಪ್ರಭುವಿನ ಮಾತಿನಂತೆ ಬಲೆ ಬೀಸಿದಾಗ ಬಲೆ ಹರಿಯುವಷ್ಟು ಮೀನು ಸಿಕ್ಕಿತು. ಆಗ ಆತನೂ ಆತನ ಜೊತೆಗಿದ್ದವರೂ ಇನ್ನೊಂದು ದೋಣಿಯಲ್ಲಿದ್ದ ಪಾಲುಗಾರರಿಗೆ ಸನ್ನೆ ಮಾಡಿ ಕರೆದರು. ಎರಡು ದೋಣಿಗಳೂ ತುಂಬಿದವು. ಮೀನು ನಮ್ಮದೇ ಆಗಿರಲಿ ಎಂದು ಅವರು ಹಟ ಹಿಡಿದಿದ್ದರೆ ಬಲೆಯೂ ಹರಿಯುತ್ತಿತ್ತು, ಮೀನೂ ಹೋಗುತ್ತಿತ್ತು.

ಪ್ಯಾರಿಸ್ಸಿನ ವಿದ್ಯಾರ್ಥಿಗಳು ಮತ್ತು ಒಬ್ಬ ಭಗಿನಿ

ನಮ್ಮ ಧರ್ಮಕೇಂದ್ರದಲ್ಲಿ ಬಹುಕಾಲದಿಂದ ದುಡಿಯುತ್ತಿರುವ ವಿನ್ಸೆಂಟ್ ದೆ ಪೌಲ್ ಸಭೆಯ ಮೂಲವನ್ನು ನೋಡಿದರೂ ಇದೇ ಪಾಠ ದೊರೆಯುತ್ತದೆ. 1833ರ ಏಪ್ರಿಲ್ 23ರಂದು ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಾಮ್ ಎಂಬ ವಿದ್ಯಾರ್ಥಿಯೂ ಆತನ ಕೆಲವು ಗೆಳೆಯರೂ ಸೇರಿ ಈ ಸಭೆಯನ್ನು ಆರಂಭಿಸಿದರು. ಅಂದು ಓಜಾನಾಮರಿಗೆ ಇಪ್ಪತ್ತು ವರುಷ ತುಂಬಿದ ದಿನ. ಚರ್ಚಾಕೂಟವೊಂದರಲ್ಲಿ, 'ನಿಮ್ಮ ಧರ್ಮ ಇಂದು ಬಡವರಿಗಾಗಿ ಏನು ಮಾಡುತ್ತಿದೆ' ಎಂಬರ್ಥದ ಸವಾಲು ಎದುರಾದಾಗ ಆ ತರುಣರು ವಾದಕ್ಕೆ ನಿಲ್ಲದೆ ಕೆಲಸಕ್ಕೆ ಹೊರಟರು.

ಆದರೆ ಅವರು ಹೊರಟದ್ದು ಎಲ್ಲಿಗೆ? ಕೈಯಲ್ಲಿ ಬ್ರೆಡ್ಡು ಹಿಡಿದು ಕಂಡ ಬೀದಿಗೆ ನುಗ್ಗಲಿಲ್ಲ. ಪ್ಯಾರಿಸ್ಸಿನ ಮುಫ್ತಾರ್ ಎಂಬ ಬಡಕೇರಿಯಲ್ಲಿ ವರುಷಗಳಿಂದ ಸೇವೆಗೈಯುತ್ತಿದ್ದ ಭಗಿನಿ ರೊಸಾಲಿ ರಂಡು ಅವರ ಬಾಗಿಲಿಗೆ ಹೋದರು. ಆ ಭಗಿನಿ ತಮಗೆ ಪರಿಚಯವಿದ್ದ ಕುಟುಂಬಗಳನ್ನು ತೋರಿಸಿದರು. ಹಂಚಬೇಕಾದ ಚೀಟಿಗಳನ್ನು ಒದಗಿಸಿದರು. ಬಡವರ ಮನೆಯ ಹೊಸ್ತಿಲು ದಾಟುವಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಕಲಿಸಿದರು. ತರುಣರಲ್ಲಿ ಉತ್ಸಾಹವಿತ್ತು, ಭಗಿನಿಯಲ್ಲಿ ಅರಿವಿತ್ತು. ಒಂದು ಇನ್ನೊಂದನ್ನು ಕೂಡಿತು. ಮುಂದೆ 1997ರಲ್ಲಿ ಓಜಾನಾಮರನ್ನೂ 2003ರಲ್ಲಿ ರೊಸಾಲಿಯವರನ್ನೂ ಧನ್ಯರೆಂದು ಧರ್ಮಸಭೆ ಸಾರಿತು.

ಸಹಭಾಗಿತ್ವದ ಮೊದಲ ನಿಯಮ ಇಲ್ಲಿ ಸ್ಪಷ್ಟವಾಗಿದೆ. ಹೊಸದಾಗಿ ಕೆಲಸಕ್ಕಿಳಿಯುವವರು ಈಗಾಗಲೇ ಆ ಹೊಲದಲ್ಲಿ ಬೆವರು ಸುರಿಸುತ್ತಿರುವವರು ಯಾರೆಂದು ಮೊದಲು ವಿಚಾರಿಸಬೇಕು. ಅವರಿಂದ ಕಲಿಯಲು ಸಿದ್ಧರಿರಬೇಕು. ನಾವು ಒಂದು ಹೊಸ ಸಂಘ ಕಟ್ಟಿದ ದಿನದಿಂದಲೇ ಊರಿನ ಬಡತನ ಆರಂಭವಾಯಿತೆಂದು ಭಾವಿಸಬಾರದು.

ನಮ್ಮ ನಾಡಿನ ನಿದರ್ಶನಗಳು

ನಮ್ಮ ದೇಶದಲ್ಲಿಯೂ ನಿದರ್ಶನಗಳಿಗೆ ಬಡತನವಿಲ್ಲ. ಆಸ್ಟ್ರೇಲಿಯಾದಲ್ಲಿ ವೈದ್ಯಕೀಯ ಪದವಿ ಪಡೆದು, 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದ ಭಗಿನಿ ಮೇರಿ ಗ್ಲೌರಿಯವರನ್ನು ನೆನೆಯೋಣ. ತಮ್ಮ ಚಿಕಿತ್ಸಾಲಯವೊಂದನ್ನೇ ದೊಡ್ಡದಾಗಿ ಬೆಳೆಸಿ ಕೃತಾರ್ಥರಾಗಬಹುದಿತ್ತು. ಆದರೆ ದೇಶದ ಮೂಲೆಮೂಲೆಗಳಲ್ಲಿ ಬೇರೆಬೇರೆ ಸಭೆಗಳ ಭಗಿನಿಯರು ನಡೆಸುತ್ತಿದ್ದ ಆಸ್ಪತ್ರೆಗಳು ಒಂದನ್ನೊಂದು ಅರಿಯದೆ ಇದ್ದುದನ್ನು ಆಕೆ ಕಂಡರು. 1943ರಲ್ಲಿ ಅವನ್ನು ಒಂದೆಡೆ ತಂದು ಕಥೋಲಿಕ ಆಸ್ಪತ್ರೆಗಳ ಒಕ್ಕೂಟವನ್ನು ಆರಂಭಿಸಿದರು. ಅದೇ ಇಂದು ಭಾರತದ ಕಥೋಲಿಕ ಆರೋಗ್ಯ ಸಂಘವಾಗಿ ಬೆಳೆದಿದೆ. ನಮ್ಮವರದೇ ಆದ ವೈದ್ಯಕೀಯ ಕಾಲೇಜೊಂದು ಬೇಕೆಂಬ ಕನಸನ್ನೂ ಆಕೆ ಹೊತ್ತಿದ್ದರು. ಆಕೆ 1957ರಲ್ಲಿ ಬೆಂಗಳೂರಿನಲ್ಲಿ ಕಣ್ಮುಚ್ಚಿದರು. 1963ರಲ್ಲಿ ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. ಒಂದೊಂದು ಆಸ್ಪತ್ರೆಯೂ ತನ್ನ ಹೆಸರನ್ನು ಉಳಿಸಿಕೊಂಡೇ ಒಕ್ಕೂಟವನ್ನು ಸೇರಿತು. ಸಹಭಾಗಿತ್ವವೆಂದರೆ ಒಬ್ಬರು ಇನ್ನೊಬ್ಬರಲ್ಲಿ ಕರಗಿಹೋಗುವುದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇನ್ನು ನಮ್ಮ ಕರ್ನಾಟಕದ ಮೈರಾಡ ಸಂಸ್ಥೆಯ ಅನುಭವ. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕಾರ್ಯಕ್ಕಾಗಿ 1968ರಲ್ಲಿ ಹುಟ್ಟಿದ ಈ ಸಂಸ್ಥೆ ಮುಂದೆ ಹಳ್ಳಿಗಳ ಬಡವರ ನಡುವೆ ದುಡಿಯಿತು. 1980ರ ದಶಕದ ಮಧ್ಯಭಾಗದಲ್ಲಿ, ಅದರ ನೆರವಿನಿಂದ ನಡೆಯುತ್ತಿದ್ದ ದೊಡ್ಡ ಸಹಕಾರ ಸಂಘಗಳು ಒಡಕಿಗೆ ತುತ್ತಾದವು. ಆಗ ಸದಸ್ಯರು ಪರಸ್ಪರ ನಂಬಿಕೆಯುಳ್ಳ ಚಿಕ್ಕ ಚಿಕ್ಕ ಗುಂಪುಗಳಾಗಿ ಕೂಡಿದರು. ಸಂಸ್ಥೆಯವರು ಆ ಒಡಕನ್ನು ಅಪಜಯವೆಂದು ಎಣಿಸದೆ, ಚಿಕ್ಕ ಗುಂಪಿನಲ್ಲಿರುವ ಬಲವನ್ನು ಗುರುತಿಸಿದರು. 1987ರಲ್ಲಿ ನಬಾರ್ಡ್ ಹತ್ತು ಲಕ್ಷ ರೂಪಾಯಿಗಳ ನೆರವಿನೊಂದಿಗೆ ಈ ಪ್ರಯೋಗದ ಬೆನ್ನಿಗೆ ನಿಂತಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ನಬಾರ್ಡ್ ದೇಶಮಟ್ಟದಲ್ಲಿ ಕೈಗೊಂಡಿತು. ಇಂದು ನಮ್ಮ ತಾಯಂದಿರು ವಾರಕ್ಕೊಮ್ಮೆ ಸೇರಿ ಉಳಿತಾಯದ ಪುಸ್ತಕ ಬರೆಯುವ ಸ್ವಸಹಾಯ ಸಂಘಗಳಿಗೆ ಈ ಹಿನ್ನೆಲೆಯಿದೆ. ಇಲ್ಲಿ ಬ್ಯಾಂಕಿನ ಕೆಲಸವನ್ನು ಸಂಸ್ಥೆ ಮಾಡಲಿಲ್ಲ, ಸಂಸ್ಥೆಯ ಕೆಲಸವನ್ನು ಬ್ಯಾಂಕು ಮಾಡಲಿಲ್ಲ. ಗುಂಪಿನ ತೀರ್ಮಾನಗಳನ್ನು ಗುಂಪೇ ಕೈಗೊಂಡಿತು.

ಮತ್ತೊಂದು ನಿದರ್ಶನ ಘಟ್ಟದ ಕೆಳಗಿನ ಉಜಿರೆಯದು. ಅಲ್ಲಿ 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಕೂಡಿ ನಿರುದ್ಯೋಗಿ ತರುಣರಿಗೆ ಸ್ವಉದ್ಯೋಗದ ತರಬೇತಿ ನೀಡುವ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. ಕಲಿತು ಹೊರಟವನಿಗೆ ಸಾಲ ಬೇಕಾದಾಗ ಬ್ಯಾಂಕಿನ ಬಾಗಿಲು ಹೊಸದೆನಿಸುವುದಿಲ್ಲ. ಈ ಮಾದರಿಯನ್ನೇ ಅನುಸರಿಸಿ ಮುಂದೆ ಕೇಂದ್ರ ಸರಕಾರವು ಜಿಲ್ಲೆಗೊಂದು ತರಬೇತಿ ಸಂಸ್ಥೆಯ ಯೋಜನೆಯನ್ನು ಕೈಗೆತ್ತಿಕೊಂಡಿತು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮೂವರು ಸ್ಥಾಪಕರಲ್ಲಿ ಒಬ್ಬರ ಹೆಸರೇ ಮರೆಯಾಯಿತು, ತರಬೇತಿ ಮಾತ್ರ ನಿಲ್ಲಲಿಲ್ಲ. ಪಾಲುಗಾರರು ಬದಲಾದರೂ ಕೆಲಸ ಉಳಿಯುವಂತೆ ಕಟ್ಟುವುದು ಎಂದರೆ ಇದೇ.

ಜಗತ್ತಿನ ಮಟ್ಟದಲ್ಲಿ ಪೋಲಿಯೋ ವಿರುದ್ಧ ನಡೆದ ಹೋರಾಟವನ್ನೂ ಸ್ಮರಿಸಬೇಕು. ರೋಟರಿ ಸಂಸ್ಥೆ 1985ರಲ್ಲಿ ಕೈಗೊಂಡ ಸಂಕಲ್ಪಕ್ಕೆ 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದುವುಗಳ ಬೆಂಬಲ ಕೂಡಿ ಜಾಗತಿಕ ಆಂದೋಲನವಾಯಿತು. ನಮ್ಮ ದೇಶದಲ್ಲಿ ಸರಕಾರದ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ನಡೆದರು. ಸಂದೇಹವಿದ್ದ ಕೇರಿಗಳಲ್ಲಿ ಧರ್ಮಗುರುಗಳೇ ಮುಂದೆ ನಿಂತು ತಾಯಂದಿರ ಭಯ ನೀಗಿದರು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡದ್ದೇ ದೇಶದ ಕೊನೆಯ ಸಹಜ ಪೋಲಿಯೋ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋ ಮುಕ್ತವೆಂಬ ಪ್ರಮಾಣ ದೊರೆಯಿತು. ಯಾವ ಒಂದು ಸಂಸ್ಥೆಯಿಂದಲೂ ಏಕಾಂಗಿಯಾಗಿ ಆಗದಿದ್ದ ಕಾರ್ಯ ಅದು.

ಸ್ನೇಹ ಮುರಿಯುವುದು ಎಲ್ಲಿ?

ಇಷ್ಟೆಲ್ಲ ಹೇಳಿದ ಮೇಲೆ, ಕೂಡಿ ಮಾಡುವ ಕೆಲಸ ಏಕೆ ಅಷ್ಟು ಸಲ ಕೆಡುತ್ತದೆ ಎಂಬ ಪ್ರಶ್ನೆಗೆ ನಾವು ಉತ್ತರಿಸಲೇಬೇಕು. ಇದಕ್ಕೂ ನಮ್ಮದೇ ಒಂದು ಅನುಭವವನ್ನು ಮುಚ್ಚಿಡದೆ ನಿವೇದಿಸುತ್ತೇವೆ.

ಹಲವು ವರುಷಗಳ ಹಿಂದೆ ಇನ್ನೊಂದು ಸೇವಾಸಂಸ್ಥೆಯ ಜೊತೆಗೂಡಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರವನ್ನು ತೆರೆದೆವು. ಕೋಣೆ ನಮ್ಮದು, ಯಂತ್ರಗಳು ಅವರವು ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡೆವು. ಆರಂಭೋತ್ಸವದ ದಿನ ಹೂಮಾಲೆ, ಭಾಷಣ, ಛಾಯಾಚಿತ್ರ ಎಲ್ಲವೂ ನಡೆಯಿತು. ಮೊದಲ ತಂಡದ ಹುಡುಗಿಯರು ಚೆನ್ನಾಗಿ ಕಲಿತರು. ಎರಡನೆಯ ವರುಷ ಶಿಕ್ಷಕಿಯ ಸಂಬಳ ಯಾರು ಕೊಡಬೇಕೆಂಬ ಮಾತು ಎದ್ದಿತು. ಅವರು ನಮ್ಮ ಹೊಣೆಯೆಂದರು, ನಾವು ಅವರದೆಂದೆವು. ನಾಮಫಲಕದಲ್ಲಿ ಯಾರ ಹೆಸರು ಮೇಲಿರಬೇಕೆಂಬ ತಕರಾರು ಅದಕ್ಕೆ ಸೇರಿತು. ಮಾತು ಬಂದ್ ಆಯಿತು. ಕೋಣೆಗೆ ನಾವು ಬೀಗ ಹಾಕಿದೆವು; ಯಂತ್ರಗಳು ತಮ್ಮವೆಂದು ಅವರು ಇನ್ನೊಂದು ಬೀಗ ಹಾಕಿದರು. ಎರಡು ಬೀಗಗಳ ಹಿಂದೆ ಆ ಯಂತ್ರಗಳು ಮೂರು ಮಳೆಗಾಲ ಕಳೆದು ತುಕ್ಕು ಹಿಡಿದವು. ಕಲಿಯಬೇಕೆಂದು ಹೆಸರು ಬರೆಸಿದ್ದ ಹುಡುಗಿಯರಲ್ಲಿ ಕೆಲವರು ಮತ್ತೆ ತೋಟದ ಕೂಲಿಗೆ ಹೋದರು.

ಅವರದೆಷ್ಟು ತಪ್ಪು, ನಮ್ಮದೆಷ್ಟು ಎಂದು ಅಳೆಯಲು ಇಂದು ನಾವು ತಕ್ಕಡಿ ಹಿಡಿದಿಲ್ಲ. ನಮ್ಮ ಪಾಲಿನದನ್ನು ಒಪ್ಪಿಕೊಳ್ಳುತ್ತೇವೆ. ಆ ಅನುಭವದಿಂದ ಐದು ಕಾರಣಗಳು ನಮಗೆ ಗೋಚರಿಸಿವೆ. ಮೊದಲನೆಯದು, ಹೆಸರಿನ ಆಸೆ. ಎರಡನೆಯದು, ಹಣದ ವಿಷಯವನ್ನು ಸಂಕೋಚದಿಂದ ಮಾತನಾಡದೆ ಬಿಡುವುದು. ಮೂರನೆಯದು, ಇಡೀ ಸ್ನೇಹವು ಇಬ್ಬರು ಪದಾಧಿಕಾರಿಗಳ ಸ್ನೇಹವನ್ನೇ ನೆಚ್ಚಿಕೊಂಡಿರುವುದು. ಅವರ ಅವಧಿ ಮುಗಿದೊಡನೆ ಸಂಸ್ಥೆಗಳು ಪರಸ್ಪರ ಅಪರಿಚಿತವಾಗುತ್ತವೆ. ನಾಲ್ಕನೆಯದು, ಹಣವುಳ್ಳ ಸಂಸ್ಥೆಯು ಚಿಕ್ಕ ಸಂಸ್ಥೆಯನ್ನು ಆಳಿನಂತೆ ಕಾಣುವುದು, ಚಿಕ್ಕದು ದೊಡ್ಡದನ್ನು ಬರಿಯ ಥೈಲಿಯಂತೆ ಕಾಣುವುದು. ಐದನೆಯದು, ಕೆಲಸವನ್ನು ಯಾವಾಗ, ಹೇಗೆ ಮುಗಿಸಬೇಕೆಂದು ಆರಂಭದಲ್ಲಿಯೇ ಹೇಳಿಕೊಳ್ಳದಿರುವುದು.

ಬರೆದಿಟ್ಟರೆ ಉಳಿಯುತ್ತದೆ

ಆದುದರಿಂದ ಇನ್ನು ಮುಂದೆ ಯಾವ ಸಂಸ್ಥೆಯೊಡನೆ ಕೈಜೋಡಿಸಿದರೂ ಒಂದು ಒಪ್ಪಂದದ ಪತ್ರವನ್ನು ಬರೆಯಲೇಬೇಕೆಂಬುದು ನಮ್ಮ ಸಮಿತಿಯ ನಿಶ್ಚಯ. ಬರೆಯುವುದೆಂದರೆ ಅಪನಂಬಿಕೆಯಲ್ಲವೇ ಎಂದು ಕೆಲವು ಹಿರಿಯರು ಕೇಳಿದರು. ನಮ್ಮ ಉತ್ತರವಿದು: ವಿವಾಹದ ದಿನ ವಧೂವರರು ದೇವಾಲಯದ ರಿಜಿಸ್ಟರಿನಲ್ಲಿ ಸಹಿ ಹಾಕುವುದು ಅಪನಂಬಿಕೆಯಿಂದಲ್ಲ. ಸಾಕ್ಷಿಗಳಿದ್ದ ಮಾತು ಗಟ್ಟಿಯಾಗಿ ನಿಲ್ಲಲಿ ಎಂಬುದಕ್ಕಾಗಿ.

ಆ ಪತ್ರದಲ್ಲಿ ಏನಿರಬೇಕು? ಯಾರಿಗಾಗಿ ಈ ಕೆಲಸ ಎಂಬುದು ಒಂದು ವಾಕ್ಯದಲ್ಲಿರಬೇಕು. ಯಾರು ಏನನ್ನು ಕೊಡುತ್ತಾರೆ ಎಂಬುದು, ಹಣ, ಸ್ಥಳ, ಸಾಮಗ್ರಿ, ಜನರ ಸಮಯ ಎಂದು ಬೇರೆಬೇರೆಯಾಗಿರಬೇಕು. ಕೊಂಡ ವಸ್ತು ಯಾರ ಒಡೆತನದ್ದು ಎಂಬುದು ಸ್ಪಷ್ಟವಾಗಿರಬೇಕು. ಲೆಕ್ಕ ಬರೆಯುವವರು ಯಾರು, ಅದನ್ನು ನೋಡುವವರು ಯಾರು, ಎಷ್ಟು ತಿಂಗಳಿಗೊಮ್ಮೆ ಎಂಬುದಿರಬೇಕು. ಭಿನ್ನಾಭಿಪ್ರಾಯ ಬಂದಾಗ ಎರಡೂ ಕಡೆಯವರು ಗೌರವಿಸುವ ಮಧ್ಯಸ್ಥರು ಯಾರೆಂದಿರಬೇಕು. ಕೊನೆಯದಾಗಿ, ಅಗಲುವ ದಿನ ಬಂದರೆ ಅರ್ಧದಲ್ಲಿರುವ ಫಲಾನುಭವಿಗಳ ಗತಿಯೇನು ಎಂಬುದಿರಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಬಹುದು. ಆ ಒಂದು ಹಾಳೆ ನಮ್ಮಲ್ಲಿ ಇದ್ದಿದ್ದರೆ ಆ ಎರಡು ಬೀಗಗಳು ಬೀಳುತ್ತಿರಲಿಲ್ಲ.

ಹಣದ ವಿಷಯದಲ್ಲಿ ಸಂತ ಪೌಲನೇ ನಮಗೆ ಗುರು. ಜೆರುಸಲೇಮಿನ ಬಡವರಿಗಾಗಿ ದೂರದ ಸಭೆಗಳಲ್ಲಿ ಕಾಣಿಕೆ ಕೂಡಿಸಿದಾಗ ಆತನು ಅದನ್ನು ಒಬ್ಬನೇ ಹೊತ್ತುಕೊಂಡು ಹೊರಡಲಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನೊಬ್ಬನನ್ನೂ ಇರಿಸಿಕೊಂಡನು. ಅಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದೆಂಬುದೇ ಆತನ ಕಾಳಜಿಯಾಗಿತ್ತೆಂದು ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಿಂದ ತಿಳಿಯುತ್ತದೆ. ಪ್ರೇಷಿತನಿಗೇ ಸಾಕ್ಷಿಗಳು ಬೇಕಾಗಿದ್ದರೆ ನಮ್ಮ ಖಜಾಂಚಿಗಳಿಗೆ ಬೇಡವೇ?

ಕಾನೂನಿನ ಎಚ್ಚರವೂ ಅಗತ್ಯ. ಹಿಂದೆ ವಿದೇಶದ ದೇಣಿಗೆಯನ್ನು ಪಡೆದ ದೊಡ್ಡ ಸಂಸ್ಥೆ ಅದರ ಒಂದು ಭಾಗವನ್ನು ಚಿಕ್ಕ ಸಂಸ್ಥೆಗೆ ದಾಟಿಸಿ ಕೂಡಿ ದುಡಿಯುವ ಪದ್ಧತಿ ಇತ್ತು. ವಿದೇಶಿ ದೇಣಿಗೆಯ ನಿಯಂತ್ರಣಕ್ಕಾಗಿ 2010ರಲ್ಲಿ ಬಂದ ಕಾಯಿದೆಗೆ 2020ರಲ್ಲಿ ಮಾಡಲಾದ ತಿದ್ದುಪಡಿಯಿಂದ ಆ ದಾರಿ ಮುಚ್ಚಿದೆ. ಒಬ್ಬರು ಪಡೆದ ವಿದೇಶಿ ಹಣವನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಆಡಳಿತದ ವೆಚ್ಚವೂ ಶೇಕಡ 20ನ್ನು ಮೀರುವಂತಿಲ್ಲ. ಆದುದರಿಂದ ಹಣವನ್ನು ಕೈಬದಲಿಸುವ ಸಹಭಾಗಿತ್ವಕ್ಕಿಂತ ಕೆಲಸವನ್ನು ಹಂಚಿಕೊಳ್ಳುವ ಸಹಭಾಗಿತ್ವವನ್ನೇ ನಾವು ಇಂದು ಬೆಳೆಸಬೇಕಾಗಿದೆ. ಇದನ್ನು ಕೇವಲ ಅಡಚಣೆಯೆಂದು ಭಾವಿಸಿ ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಊರಿನ ಅಗತ್ಯಕ್ಕೆ ನಮ್ಮ ಊರಿನ ಹತ್ತು ರೂಪಾಯಿ ಕೂಡಿಸುವ ಅಭ್ಯಾಸ ಇದರಿಂದ ಮರಳಿ ಬರಲಿ.

ಅನ್ಯಧರ್ಮೀಯ ಸಹೋದರರೊಡನೆ

ನಮ್ಮಲ್ಲಿ ಕೆಲವರಿಗೆ ಇನ್ನೊಂದು ಅಳುಕು ಇದೆ. ಬೇರೆ ಧರ್ಮದವರು ನಡೆಸುವ ಸಂಸ್ಥೆಯ ಜೊತೆ ಕೂಡಿದರೆ ನಮ್ಮತನ ಕಳೆದುಹೋಗದೇ? ಅವರಲ್ಲಿಯೂ ಇದೇ ಅಳುಕು ನಮ್ಮ ವಿಷಯದಲ್ಲಿ ಇರಬಹುದು. ಪ್ರಭುವಿನ ನಾಮದಲ್ಲಿ ಒಳಿತನ್ನು ಮಾಡುತ್ತಿದ್ದ ಒಬ್ಬನನ್ನು, ಆತ ನಮ್ಮ ಗುಂಪಿನವನಲ್ಲ ಎಂದು ತಡೆದ ಶಿಷ್ಯರಿಗೆ ಯೇಸು ಏನೆಂದರೆಂಬುದನ್ನು ಸಂತ ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ನಾವು ಓದುತ್ತೇವೆ; ತಡೆಯಬೇಡಿರೆಂದೇ ಅವರ ಆಜ್ಞೆ. ಸಾಮಾನ್ಯ ಶ್ರೇಯಸ್ಸಿಗಾಗಿ ಇತರ ಧರ್ಮದವರೊಡನೆ ಸಹಕರಿಸುವುದು ಶ್ರೀಸಾಮಾನ್ಯ ಕ್ರೈಸ್ತರ ಕರ್ತವ್ಯವೆಂಬುದನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಪ್ರಕಟಿಸಿದ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯದ ಆಜ್ಞಾಪತ್ರದಲ್ಲಿ ಒತ್ತಿ ಹೇಳಿದೆ.

ಕೂಡಿ ಮಾಡುವ ಸೇವೆಯಲ್ಲಿ ಯಾರೂ ತಮ್ಮ ವಿಶ್ವಾಸವನ್ನು ಬಾಗಿಲ ಹೊರಗೆ ಬಿಟ್ಟುಬರಬೇಕಾಗಿಲ್ಲ. ಹಸಿದವನ ತಟ್ಟೆಯ ಪಕ್ಕದಲ್ಲಿ ಅದನ್ನು ಸರಕಿನಂತೆ ಮಾರಲೂಬಾರದು. ಈ ಎರಡು ಮಾತುಗಳನ್ನು ಎರಡೂ ಕಡೆಯವರು ಮೊದಲೇ ಬಿಚ್ಚುಮನಸ್ಸಿನಿಂದ ಆಡಿಕೊಂಡರೆ ಮುಂದೆ ಸಂಶಯಕ್ಕೆ ಎಡೆಯಿರುವುದಿಲ್ಲ.

ಇಂದಿನ ನಮ್ಮ ಸೂಚನೆ

ಈಗ ನಮ್ಮ ಸೂಚನೆಯನ್ನು ಸಭೆಯ ಮುಂದಿಡುತ್ತೇವೆ. ದೊಡ್ಡದನ್ನು ನಾವು ಕೇಳುತ್ತಿಲ್ಲ.

ನಮ್ಮ ಊರಿನಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಳಲುವ ಕೆಲವರಿದ್ದಾರೆ. ವಾರಕ್ಕೆ ಎರಡು ಮೂರು ಸಲ ಅವರು ಡಯಾಲಿಸಿಸಿಗೆಂದು ದೂರದ ಆಸ್ಪತ್ರೆಗೆ ಹೋಗಬೇಕಾಗಿದೆ. ಚಿಕಿತ್ಸೆಗೆ ಸರಕಾರದ ನೆರವು ದೊರೆತರೂ ಹೋಗಿಬರುವ ಬಾಡಿಗೆ ಕೊಟ್ಟು ಮನೆಗಳು ಬರಿದಾಗುತ್ತಿವೆ. ಬಾಡಿಗೆಯಿಲ್ಲದೆ ಒಂದು ಸರದಿಯನ್ನು ತಪ್ಪಿಸಿದವರೂ ಇದ್ದಾರೆ. ಆ ಸರದಿ ತಪ್ಪುವುದೆಂದರೆ ಏನೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಇವರಲ್ಲಿ ನಮ್ಮ ಧರ್ಮಕೇಂದ್ರದವರೂ ಇದ್ದಾರೆ, ಅಲ್ಲದವರೂ ಇದ್ದಾರೆ. ಒಂದು ಸಂಸ್ಥೆ ವಾಹನ ಕೊಡಬಲ್ಲದು. ಒಂದು ಸಂಸ್ಥೆ ಇಂಧನದ ಖರ್ಚು ಹೊರಬಲ್ಲದು. ನಮ್ಮ ಯುವಜನರು ಜೊತೆಗೆ ಹೋಗಿಬರಬಲ್ಲರು. ಭಗಿನಿಯರು ಮನೆಗೆ ಭೇಟಿಯಿತ್ತು ಪಥ್ಯದ ವಿಚಾರ ತಿಳಿಸಬಲ್ಲರು. ಒಬ್ಬೊಬ್ಬರಿಗೆ ಅಸಾಧ್ಯವಾದುದು ನಾಲ್ವರಿಗೆ ಭಾರವಾಗದು.

ಇದಕ್ಕಾಗಿ ಪ್ರತಿ ಸಂಸ್ಥೆಯಿಂದ ಇಬ್ಬರಂತೆ ಸೇರಿದ ಒಂದು ಕೂಟವು ತಿಂಗಳಿಗೊಮ್ಮೆ ಒಂದೊಂದು ಸಂಸ್ಥೆಯ ಜಾಗದಲ್ಲಿ ಸರದಿಯಂತೆ ಸಭೆ ಸೇರಲಿ. ರೋಗಿಗಳ ಮನೆಯವರೊಬ್ಬರಿಗೂ ಅದರಲ್ಲಿ ಸ್ಥಾನವಿರಲಿ. ಪಟ್ಟಿ ಒಂದೇ ಇರಲಿ. ವಾಹನದ ಮೇಲೆ ಯಾರ ಹೆಸರೂ ಬೇಡ. ಒಂದು ವರುಷದ ಒಪ್ಪಂದ ಸಾಕು. ವರುಷದ ಕೊನೆಗೆ ಲೆಕ್ಕವನ್ನು ಓದಿ, ಮುಂದುವರಿಯಬೇಕೋ ಬೇಡವೋ ಎಂದು ಮನಸ್ಸು ಬಿಚ್ಚಿ ಮಾತನಾಡೋಣ. ಅಂದು ಹೊಲಿಗೆ ಕೇಂದ್ರದಲ್ಲಿ ನಮ್ಮೊಡನೆ ಇದ್ದ ಸಂಸ್ಥೆಯವರಿಗೂ ನಾವು ಆಮಂತ್ರಣ ಕಳುಹಿಸಿದ್ದೇವೆ. ಅವರಲ್ಲಿ ಇಬ್ಬರು ಈ ಸಭೆಯಲ್ಲಿ ಕುಳಿತಿರುವುದನ್ನು ಕಂಡು ನಮ್ಮ ಮನಸ್ಸು ತುಂಬಿದೆ. ಹಳೆಯ ಬೀಗಕ್ಕಾಗಿ ನಾವು ಈ ವೇದಿಕೆಯಿಂದಲೇ ಅವರ ಕ್ಷಮೆ ಕೋರುತ್ತೇವೆ.

ಮುಯ್ಯಾಳು

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಹಳೆಯ ಪದ್ಧತಿಯಿದೆ. ಒಬ್ಬನ ಗದ್ದೆಯ ನಾಟಿಗೆ ನೆರೆಯವರೆಲ್ಲ ಬರುತ್ತಾರೆ. ನಾಳೆ ಇನ್ನೊಬ್ಬನ ಗದ್ದೆಗೆ ಇವನು ಹೋಗುತ್ತಾನೆ. ಕೂಲಿಯ ಮಾತಿಲ್ಲ, ಆದರೆ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. ಬಂದ ಆಳಿಗೆ ಆಳು ಹೋಗದಿದ್ದರೆ ಮರುವರುಷ ಅವನ ಗದ್ದೆ ಬೀಳುಬಿದ್ದೀತು. ನಮ್ಮ ಈ ದೇವಾಲಯದ ಗೋಡೆಗಳು ಏಳುವಾಗಲೂ ಊರಿನ ಇತರ ಮತದವರು ಗಾಡಿ ಎತ್ತು ಕೊಟ್ಟು ಕಲ್ಲು ಸಾಗಿಸಿದರೆಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ನೂರು ವರುಷಗಳ ಹಿಂದೆ ನಮಗಾಗಿ ಬಂದ ಆ ಆಳಿಗೆ ನಾವು ಇನ್ನೂ ಮುಯ್ಯಿ ತೀರಿಸಬೇಕಾಗಿದೆ.

ಮೂರನೆಯ ಚೀಲವನ್ನು ಮರಳಿಸಿದ ಆ ವೃದ್ಧೆ ಇಂದು ನಮ್ಮೊಡನಿಲ್ಲ. ಆಕೆ ಕೇಳಿದ ಪ್ರಶ್ನೆ ಮಾತ್ರ ಉಳಿದಿದೆ: ಆ ಕೊನೆಯ ಮನೆಗೆ ಯಾರಾದರೂ ಹೋದಿರಾ? ನಮ್ಮ ಎರಡನೆಯ ಶತಮಾನದ ಮೊದಲ ವರುಷ ಮುಗಿಯುವಷ್ಟರಲ್ಲಿ, ಊರಿನ ಎಲ್ಲ ಸೇವಾಸಂಸ್ಥೆಗಳೂ ಕೂಡಿ, 'ಹೋಗಿದ್ದೇವೆ, ಒಟ್ಟಾಗಿ ಹೋಗಿದ್ದೇವೆ' ಎಂದು ಉತ್ತರಿಸುವಂತಾಗಲಿ. ಆ ಶಕ್ತಿಯನ್ನು ಪ್ರಭುವು ನಮಗೂ, ಇಲ್ಲಿ ನೆರೆದಿರುವ ಸಕಲ ಬಾಂಧವರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.